ಹೈಬ್ರಿಡ್ ಕಾರಿಗೆ ಯಾವ ಪೆಟ್ರೋಲ್? ಜಾಸ್ತಿ ದುಡ್ಡು ಸುರಿಯುವ ಮುಂಚೆ ಇಷ್ಟು ನೋಡಿಕೊಳ್ಳಿ

ಬಂಕ್‌ನಲ್ಲಿ ಕಾರು ನಿಲ್ಲಿಸಿದ ಕೂಡಲೇ ಹುಡುಗ ಬಂದು ಕೇಳುತ್ತಾನೆ, "ಸರ್, ನಾರ್ಮಲ್ಲಾ, ಪವರ್ರಾ?" ಹಿಂದೆ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಕಾರು) ಅಂತ ಬ್ಯಾಡ್ಜ್ ಕಂಡರೆ ಉತ್ತರವನ್ನೂ ಅವನೇ ಕೊಡುತ್ತಾನೆ. "ಹೈಬ್ರಿಡ್‌ಗೆ ಪವರ್ರೇ ಹಾಕ್ಸಿ ಸರ್, ಇಂಜಿನ್‌ಗೆ ಒಳ್ಳೇದು." ಪವರ್ ಅಂದರೆ ಆಕ್ಟೇನ್ ಜಾಸ್ತಿ ಅಂತ ಮಾರುವ ದುಬಾರಿ ಪೆಟ್ರೋಲ್ (ಆಕ್ಟೇನ್ ಏನು ಅಂತ ಮುಂದೆ ಹೇಳುತ್ತೇನೆ). ಅಷ್ಟು ದುಡ್ಡು ಕೊಟ್ಟು ತಂದ ಕಾರು, ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ ಕೊಡೋದಕ್ಕೆ ಯಾಕೆ ಹಿಂದೆಮುಂದೆ ನೋಡಬೇಕು ಅನಿಸುತ್ತದೆ, ಅಲ್ವಾ? ನಾನೂ ಟೊಯೋಟಾ ಹೈರೈಡರ್ ಹೈಬ್ರಿಡ್ ತಗೊಂಡ ಮೊದಲ ನಾಲ್ಕು ತಿಂಗಳು ಹಾಗೇ ಸುರಿದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಸಲ ಬೇರೆಯದೇ ಕಾರಣಕ್ಕೆ ಮಳೆಯಲ್ಲಿ ದಾರಿ ಮಧ್ಯೆ ನಿಂತೆ. ಈಗ ಯಾರು ಕೇಳಿದರೂ ನಾನು ಹೇಳೋದು ಒಂದೇ. ಹೈಬ್ರಿಡ್‌ಗೆ ಆಕ್ಟೇನ್ ಆರಿಸಲು ತಲೆಕೆಡಿಸಿಕೊಳ್ಳಬೇಡಿ, ಬಂಕ್ ಆರಿಸಲು ತಲೆಕೆಡಿಸಿಕೊಳ್ಳಿ.

ಮೊದಲ ಕೆಲಸ, ಪೆಟ್ರೋಲ್ ಮುಚ್ಚಳ ತೆಗೆದು ಅದರ ಒಳಬದಿಯ ಸ್ಟಿಕ್ಕರ್ ಓದಿ. ಎರಡು ವಿಷಯ ಹುಡುಕಬೇಕು. ಒಂದು, ರಾನ್ ಅನ್ನುವ ಅಳತೆಯ ಆಕ್ಟೇನ್ ಸಂಖ್ಯೆ. ಇನ್ನೊಂದು, ಇ10 ಅಥವಾ ಇ20 ಅನ್ನುವ ಗುರುತು. ಇ20 ಅಂದರೆ ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥನಾಲ್, ಅಂದರೆ ಕಬ್ಬು, ಮೆಕ್ಕೆಜೋಳದಿಂದ ತೆಗೆಯುವ ಆಲ್ಕೋಹಾಲ್. ಸ್ಟಿಕ್ಕರ್ ಮಾಸಿಹೋಗಿದ್ದರೆ ಗ್ಲೋವ್ ಬಾಕ್ಸ್‌ನಲ್ಲಿ ಕವರ್ ಕೂಡ ಬಿಚ್ಚದೆ ಮಲಗಿರುವ ಮ್ಯಾನ್ಯುಯಲ್ ಇದೆಯಲ್ಲ, ಅದರಲ್ಲಿ 'ಫ್ಯೂಯೆಲ್' ಪುಟ ನೋಡಿ. ನಮ್ಮಲ್ಲಿ ಓಡಾಡುವ, ಬರೀ ಮೋಟಾರಿನಲ್ಲೂ ಸ್ವಲ್ಪ ದೂರ ಹೋಗಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗಳು, ಅಂದರೆ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್, ಇನ್ವಿಕ್ಟೋ, ಹೋಂಡಾ ಸಿಟಿ ಇಎಚ್‌ಇವಿ, ಇವೆಲ್ಲ ಸಾಮಾನ್ಯವಾಗಿ ಕೇಳುವುದು 91 ಅಥವಾ ಅದಕ್ಕಿಂತ ಮೇಲೆ. 95 ಕೂಡ ಅಲ್ಲ, 100 ಅಂತೂ ಅಲ್ಲವೇ ಅಲ್ಲ.

ಇಲ್ಲೇ ಒಂದು ಗೊಂದಲ ಬರುತ್ತದೆ. ಕಾರಿನ ಬಗ್ಗೆ ಸ್ವಲ್ಪ ಓದಿಕೊಂಡವರೇ ಜಾಸ್ತಿ ಇದರಲ್ಲಿ ಬೀಳುತ್ತಾರೆ.

ಆಕ್ಟೇನ್ ಅಂದರೆ ಶಕ್ತಿ ಅಲ್ಲ, ತಾಳ್ಮೆ

ಇಂಜಿನ್ ಒಳಗೆ ಪೆಟ್ರೋಲ್-ಗಾಳಿ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಒತ್ತಿದಾಗ ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ ಹಚ್ಚಿದ ಬೆಂಕಿ ಒಂದು ಕಡೆಯಿಂದ ನೀಟಾಗಿ ಹರಡಿಕೊಂಡು ಬರಬೇಕು. ಅದು ತಲುಪುವ ಮುಂಚೆಯೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿಯೇ ಸಿಡಿದರೆ ಅದೇ ನಾಕಿಂಗ್. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಬಾನೆಟ್ ಒಳಗಿಂದ ಚಟಚಟ ಕೇಳಿಸುತ್ತದೆ. ಹಾಗೆ ಅವಸರಪಟ್ಟು ಸಿಡಿಯದೆ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅನ್ನುವುದರ ಅಳತೆಯೇ ಆಕ್ಟೇನ್. ಅಷ್ಟೇ. ಲೀಟರಿನಲ್ಲಿ ಎಷ್ಟು ಶಕ್ತಿ ಇದೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಂಬಿಕೆ ಬರಲಿಲ್ಲ ಅಂದರೆ ಎಥನಾಲನ್ನೇ ನೋಡಿ. ಅದರ ಆಕ್ಟೇನ್ ಸುಮಾರು 108, ಶಕ್ತಿ ಮಾತ್ರ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ.

ಇನ್ನು ಗೊಂದಲ ಎಲ್ಲಿ ಅಂದರೆ, ಹೈಕ್ರಾಸ್‌ನ 2 ಲೀಟರ್ ಹೈಬ್ರಿಡ್ ಇಂಜಿನ್ನಿನ ಕಂಪ್ರೆಷನ್ (ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) 14ಕ್ಕೆ 1, ಸಿಟಿ ಹೈಬ್ರಿಡ್‌ದು 13.5ಕ್ಕೆ 1. ಇದನ್ನು ಓದಿದವರು "ಅಯ್ಯೋ, ಇಷ್ಟು ಒತ್ತಡ ಅಂದಮೇಲೆ ಜಾಸ್ತಿ ಆಕ್ಟೇನ್ ಬೇಕೇ ಬೇಕು" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಮಾಮೂಲಿ ಇಂಜಿನ್ ಆಗಿದ್ದರೆ ಆ ಮಾತು ಸರಿ. ಆದರೆ ಇವು ಅಟ್ಕಿನ್ಸನ್ ಸೈಕಲ್ ಇಂಜಿನ್ನುಗಳು. ಪಿಸ್ಟನ್ ಕೆಳಗಿಳಿದು ಗಾಳಿ ಎಳೆದುಕೊಂಡು ಮತ್ತೆ ಮೇಲೇರಲು ಶುರು ಮಾಡಿದ ಮೇಲೂ ಒಳಬರುವ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಎಳೆದುಕೊಂಡಿದ್ದರಲ್ಲಿ ಒಂದಿಷ್ಟು ವಾಪಸ್ ಹೋಗುತ್ತದೆ. ಉಳಿದಷ್ಟನ್ನು ಮಾತ್ರ ಒತ್ತುತ್ತದೆ. ಹಾಗಾಗಿ ಕಾಗದದ ಮೇಲೆ 14 ಇದ್ದರೂ ನಿಜವಾದ ಒತ್ತಡ ಅದಕ್ಕಿಂತ ಎಷ್ಟೋ ಕಮ್ಮಿ. ಉರಿದ ಮೇಲೆ ಹಿಗ್ಗುವಾಗ ಮಾತ್ರ ಪೂರ್ತಿ ಉದ್ದ ಸಿಗುತ್ತದೆ, ಮೈಲೇಜ್ ಬರುವುದು ಅಲ್ಲಿಂದ. ಹೀಗೆ ಮಾಡಿದ ಇಂಜಿನ್ನಿಗೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕಮ್ಮಿ. ಆ ಕೊರತೆಯನ್ನು ಎಲೆಕ್ಟ್ರಿಕ್ ಮೋಟಾರ್ ತುಂಬುತ್ತದೆ. ಅಂದರೆ ಮಾಮೂಲಿ ಕಾರು ಮೂರನೇ ಗೇರಿನಲ್ಲಿ ಏದುಸಿರು ಬಿಡುತ್ತಾ ನಾಕಿಂಗ್ ಮಾಡುವ ಜಾಗದಲ್ಲಿ ಹೈಬ್ರಿಡ್ ಇಂಜಿನ್ನಿಗೆ ಅಂಥ ಭಾರವೇ ಬೀಳುವುದಿಲ್ಲ. ಇಷ್ಟೆಲ್ಲ ಆದ ಮೇಲೂ ನಾಕ್ ಸೆನ್ಸರ್ ಒಂದು ಕಾವಲಿಗೆ ಕೂತಿರುತ್ತದೆ.

ಹಾಗಾದರೆ ಶಿರಾಡಿ ಘಾಟಿ ಹತ್ತುವಾಗ ಇಂಜಿನ್ ಕಿರುಚೋದು ಯಾಕೆ? ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅದು ನಾಕಿಂಗ್ ಅಲ್ಲ, ಪೆಟ್ರೋಲಿನ ತಪ್ಪೂ ಅಲ್ಲ. ಉದ್ದ ಏರಿನಲ್ಲಿ ಬ್ಯಾಟರಿ ಖಾಲಿಯಾಗುತ್ತಾ ಬಂದಾಗ ಇಂಜಿನ್ ಒಂದೇ ಸಮ ಜಾಸ್ತಿ ಆರ್‌ಪಿಎಂನಲ್ಲಿ ನಿಂತು ಚಕ್ರಕ್ಕೂ ಬ್ಯಾಟರಿಗೂ ಕೊಡಬೇಕಾಗುತ್ತದೆ. ಮಿಕ್ಸಿ ತಿರುಗಿದ ಹಾಗೆ ಒಂದೇ ರಾಗ. 100 ಆಕ್ಟೇನ್ ಹಾಕಿದರೂ ಅದೇ ರಾಗ ಕೇಳುತ್ತದೆ, ದುಬಾರಿ ರಾಗ ಅಷ್ಟೇ.

ಈಗ ದುಡ್ಡಿನ ಲೆಕ್ಕ

ನಿಮ್ಮೂರಿನ ರೇಟ್ ಹಾಕಿಕೊಂಡು ನೀವೂ ಮಾಡಿ. ಸಾದಾ ಪೆಟ್ರೋಲ್ 103, 'ಪವರ್' 110 ಅಂದುಕೊಳ್ಳೋಣ. ನನ್ನ ಕಾರು ಊರೊಳಗೆ ಹೊರಗೆ ಎಲ್ಲ ಸೇರಿ ಸುಮಾರು 22 ಕೊಡುತ್ತದೆ (ಕಂಪನಿ ಲೆಕ್ಕದಲ್ಲಿ 27.97, ಅದನ್ನು ನೋಡಿ ನಕ್ಕುಬಿಡಿ). ಸಾದಾದಲ್ಲಿ ಕಿಲೋಮೀಟರಿಗೆ 4 ರೂಪಾಯಿ 68 ಪೈಸೆ. 110ರ ಪೆಟ್ರೋಲಿನಲ್ಲೂ ಅಷ್ಟೇ ಖರ್ಚಾಗಬೇಕಾದರೆ ಮೈಲೇಜ್ 23.5 ಆಗಬೇಕು. ಲಾಭ ಅಲ್ಲ, ಬರೀ ಅಸಲು. ನಾಲ್ಕು ತಿಂಗಳ ನನ್ನ ಪುಸ್ತಕದಲ್ಲಿ ಒಮ್ಮೆಯೂ ಆ ವ್ಯತ್ಯಾಸ ಕಾಣಲಿಲ್ಲ. ಎಸಿ ಎಷ್ಟು ಹಾಕಿದೆ, ಸಿಲ್ಕ್ ಬೋರ್ಡ್‌ನಲ್ಲಿ ಎಷ್ಟು ಹೊತ್ತು ನಿಂತೆ ಅನ್ನುವುದರಲ್ಲೇ ಅದಕ್ಕಿಂತ ಜಾಸ್ತಿ ಏರುಪೇರು. 100 ಆಕ್ಟೇನ್ ಪೆಟ್ರೋಲ್ 2020ರ ಡಿಸೆಂಬರ್‌ನಲ್ಲಿ ಬಂದಾಗಲೇ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ ಇತ್ತು. ಆ ರೇಟಿಗೆ ಅಸಲು ಬರಬೇಕಾದರೆ ನನ್ನ ಕಾರು 34 ಕೊಡಬೇಕು. ಇಳಿಜಾರಿನಲ್ಲಿ ತಳ್ಳಿದರೆ ಕೊಟ್ಟೀತು.

ಇನ್ನೊಂದು ತಮಾಷೆ ಹೇಳುತ್ತೇನೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯ ಹೇಳಿದ ಪ್ರಕಾರ ಈಗ ಸಿಗುವ ಸಾದಾ ಇ20 ಪೆಟ್ರೋಲಿನ ಆಕ್ಟೇನೇ 95. ಬಿಎಸ್-4 ಹೊಗೆ ನಿಯಮದ ಕಾಲದಲ್ಲಿ 91 ಇತ್ತು, ಎಥನಾಲ್ ಸೇರಿದ ಮೇಲೆ ಏರಿತು. ಅಂದರೆ 95 ಅಂತ ಬೋರ್ಡ್ ಹಾಕಿ ಏಳು ರೂಪಾಯಿ ಜಾಸ್ತಿಗೆ ಮಾರುವುದರಲ್ಲಿ ಆಕ್ಟೇನ್ ಹೆಚ್ಚುಗಾರಿಕೆ ಏನೂ ಉಳಿದಿಲ್ಲ. ಇಂಜಿನ್ ಕ್ಲೀನ್ ಮಾಡುವ ಡಿಟರ್ಜೆಂಟ್ ಸೇರಿಸಿರುತ್ತಾರೆ, ಅದಕ್ಕೆ ಕೊಡುವ ದುಡ್ಡು ಅದು. ಬೇಕಿದ್ದರೆ ಐದಾರು ಸಾವಿರ ಕಿಲೋಮೀಟರಿಗೆ ಒಂದು ಟ್ಯಾಂಕ್ ಹಾಕಿಸಿ, ಬೇಡ ಅನ್ನಲ್ಲ. ಆಕ್ಟೇನ್ ಬೂಸ್ಟರ್ ಬಾಟಲಿ ಮಾತ್ರ ಕೊಳ್ಳಬೇಡಿ.

ಇದಕ್ಕೆ ಒಂದು ಅಪವಾದ ಇದೆ. ಹೈಬ್ರಿಡ್ ಅಂತ ಬರೆದ ಎಲ್ಲವೂ ಸ್ಟ್ರಾಂಗ್ ಹೈಬ್ರಿಡ್ ಅಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಮೋಟಾರ್ ಇಂಜಿನ್ನಿಗೆ ಸ್ವಲ್ಪ ಕೈ ಜೋಡಿಸುತ್ತದೆ ಅಷ್ಟೇ. 48 ವೋಲ್ಟ್ ಮೈಲ್ಡ್ ಹೈಬ್ರಿಡ್ ಅಂತ ಬರುವ ಜರ್ಮನ್, ಸ್ವೀಡಿಷ್ ಐಷಾರಾಮಿ ಕಾರುಗಳಲ್ಲಿ ಇರುವುದು ಟರ್ಬೊ ಇಂಜಿನ್. ಅವು ನಿಜವಾಗಿಯೂ ಒತ್ತಡದಲ್ಲಿ ಕೆಲಸ ಮಾಡುತ್ತವೆ, ಮುಚ್ಚಳದ ಮೇಲೆ 95 ಅಥವಾ 98 ಅಂತ ಬರೆದಿರುತ್ತದೆ. ಬರೆದಿದ್ದನ್ನು ಹಾಕಿಸಿ, ವಾದ ಬೇಡ. ಮಾರುತಿಯ ಸ್ಮಾರ್ಟ್ ಹೈಬ್ರಿಡ್ ಬ್ಯಾಡ್ಜ್ ಇರುವ ಎರ್ಟಿಗಾ, ಸಿಯಾಜ್ ತರಹದವು ಟರ್ಬೊ ಅಲ್ಲ. ಅವಕ್ಕೆ ಸಾದಾ ಸಾಕು.

ಎಥನಾಲ್ ವಿಷಯ

ಇಲ್ಲಿ 'ಆಯ್ಕೆ' ಅನ್ನುವುದೇ ದೊಡ್ಡ ಮಾತು. ಇ20 ಪೆಟ್ರೋಲ್ ಮೊದಲು ಬಿಡುಗಡೆ ಆಗಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಆಗ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕ್‌ಗಳಲ್ಲಿ ಇತ್ತು. ಎರಡೇ ವರ್ಷದಲ್ಲಿ ಸಾದಾ ಪೆಟ್ರೋಲ್ ಅಂದರೆ ಇ20 ಅನ್ನುವ ಹಾಗಾಯಿತು. ಬಂಕ್‌ನಲ್ಲಿ ಇ10 ಬೇಕು ಅಂತ ಕೇಳಿದರೆ ನಿಮ್ಮ ಮುಖ ನೋಡುತ್ತಾರೆ. ಬೆಳಗಾವಿ, ಬಾಗಲಕೋಟೆಯ ಕಬ್ಬು, ದಾವಣಗೆರೆ-ಹಾವೇರಿ ಕಡೆ ಬೆಳೆಯುವಂಥ ಮೆಕ್ಕೆಜೋಳ ಈಗ ನಮ್ಮ ಟ್ಯಾಂಕಿನಲ್ಲಿ ಅನ್ನುವುದು ಒಂದು ಥರ ಖುಷಿ ಕೊಡುವ ವಿಷಯವೂ ಹೌದು. ಆದರೆ ಮೈಲೇಜ್ ಸ್ವಲ್ಪ ಇಳಿದಿದೆ ಅನ್ನುವುದು ಸುಳ್ಳಲ್ಲ.

ಎಷ್ಟು ಇಳಿಯುತ್ತದೆ? ಶಕ್ತಿಯ ಲೆಕ್ಕ ಹಾಕಿದರೆ ಇ10ರಿಂದ ಇ20ಗೆ ಬಂದಾಗ ಸುಮಾರು 3.5 ಪರ್ಸೆಂಟ್, ಎಥನಾಲೇ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ 7ರ ಹತ್ತಿರ. 2021ರ ನೀತಿ ಆಯೋಗದ ವರದಿ ಇ20 ಹಾಕಿದಾಗಿನ ಇಳಿಕೆಯನ್ನು ಕಾರು ನೋಡಿ ಹೇಳುತ್ತದೆ. ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸ ಮಾಡಿ ಇ10ಗೆ ಹೊಂದಿಸಿದ ಕಾರಿಗೆ 6-7 ಪರ್ಸೆಂಟ್, ಇ10ಗೆ ವಿನ್ಯಾಸ ಮಾಡಿ ಇ20ಗೆ ಹೊಂದಿಸಿದ ಕಾರಿಗೆ 1-2 ಪರ್ಸೆಂಟ್. 22 ಕೊಡುತ್ತಿದ್ದ ಕಾರು 21 ಚಿಲ್ಲರೆ ಕೊಟ್ಟರೆ ಎಥನಾಲ್ ಅನ್ನಿ. 17ಕ್ಕೆ ಬಿದ್ದರೆ ಟೈರ್ ಗಾಳಿ, ಬ್ಯಾಟರಿ ಫ್ಯಾನ್ ಫಿಲ್ಟರ್, ಬ್ರೇಕ್ ನೋಡಿಸಿ, ಎಲ್ಲದಕ್ಕೂ ಕಬ್ಬನ್ನು ಬೈಯಬೇಡಿ.

ಅಳೆಯುವಾಗ ಡ್ಯಾಶ್‌ಬೋರ್ಡ್ ನಂಬಬೇಡಿ, ಅದು ಸ್ವಲ್ಪ ಹೊಗಳಿ ಹೇಳುತ್ತದೆ. ಅದೇ ಬಂಕ್, ಅದೇ ನಾಝಲ್, ಮೊದಲ ಸಲ ಟಕ್ ಅಂತ ಕಟ್ ಆದಾಗ ನಿಲ್ಲಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ರೀತಿ ತುಂಬಿಸಿ ಭಾಗಿಸಿ. ಹೋದ ಸಲ ನನ್ನದು 612 ಕಿಲೋಮೀಟರ್, 27.4 ಲೀಟರ್, ಅಂದರೆ 22.3. ಮೂರು ಟ್ಯಾಂಕ್ ಸರಾಸರಿ ತೆಗೆಯದೆ ಯಾರ ಹತ್ತಿರವೂ ಜಗಳಕ್ಕೆ ಹೋಗಬೇಡಿ.

ಕಾರು ಯಾವ ವರ್ಷದ್ದು ಅನ್ನುವುದು ಇಲ್ಲಿ ಮುಖ್ಯ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ಪೈಪು, ರಬ್ಬರ್, ಸೀಲುಗಳು ಇ20 ತಡೆದುಕೊಳ್ಳುವಂತೆ ಇರುತ್ತವೆ. ಹೋಂಡಾ ತನ್ನ 2009ರ ನಂತರದ ಕಾರುಗಳ ಸಾಮಗ್ರಿ ಇ20ಗೆ ಆಗುತ್ತದೆ ಅಂತ ಹೇಳಿದೆ. 2022ರ ಕೊನೆಯಲ್ಲಿ ಬಂದ ಮೊದಲ ಲಾಟಿನ ಹೈಬ್ರಿಡ್ ಅಥವಾ ಸೆಕೆಂಡ್ ಹ್ಯಾಂಡ್ ಕ್ಯಾಮ್ರಿ, ಪ್ರಿಯಸ್ ಇದ್ದರೆ ಸ್ಟಿಕ್ಕರ್ ನೋಡಿ. ಇ10 ಅಂತ ಇದ್ದರೆ ಗಾಬರಿ ಬೇಡ, ಕಾರು ನಾಳೆಯೇ ನಿಲ್ಲುವುದಿಲ್ಲ. ಸರ್ವಿಸ್‌ನಲ್ಲಿ ಫ್ಯೂಯೆಲ್ ಹೋಸ್, ಓ-ರಿಂಗ್, ಪಂಪ್ ನೋಡಿ ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಬಾಯಲ್ಲಿ ಹೇಳಿದ್ದನ್ನು ಯಾರೂ ನೋಡುವುದಿಲ್ಲ.

ಇ100, ಅಂದರೆ ಬಹುತೇಕ ಎಥನಾಲೇ ಇರುವ ಇಂಧನ, ಅಂತ ಬೋರ್ಡ್ ಕಂಡರೆ ಮಾತ್ರ ಹುಷಾರು. 2024ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 183 ಬಂಕ್‌ಗಳಲ್ಲಿ ಶುರು ಮಾಡಿದರು. ಅದು ಎಥನಾಲ್ ಎಷ್ಟೇ ಬೆರೆತರೂ ಓಡುವ ಫ್ಲೆಕ್ಸ್ ಫ್ಯೂಯೆಲ್ ಗಾಡಿಗಳಿಗೆ. 2023ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಫ್ಲೆಕ್ಸ್ ಫ್ಯೂಯೆಲ್ ಹೈಕ್ರಾಸ್ ತೋರಿಸಿದ್ದರಲ್ಲ, ಅದು ಪ್ರೊಟೊಟೈಪ್. ಬಿಡದಿಯ ಟೊಯೋಟಾ ಫ್ಯಾಕ್ಟರಿಯಿಂದ ನಿಮ್ಮ ಮನೆಗೆ ಬಂದ ಹೈಕ್ರಾಸ್ ಅದಲ್ಲ. ಇನ್ನು ಪೆಟ್ರೋಲಿಗೆ ನೀರು ಹಾಕಿ ಕುಲುಕಿ ಎಥನಾಲ್ ಬೇರೆ ಮಾಡುವ ವಿಡಿಯೋ ನೋಡಿ ಮನೆಯಲ್ಲಿ ಮಾಡಲು ಹೋಗಬೇಡಿ. ಬೆಂಕಿಯ ಭಯ ಒಂದು ಕಡೆ. ಎಥನಾಲ್ ಹೋದ ಪೆಟ್ರೋಲಿನ ಆಕ್ಟೇನ್ ಕೂಡ ಅದರ ಜೊತೆಗೇ ಹೋಗಿರುತ್ತದೆ.

ನಾನು ನಿಂತ ದಿನ

ಕಳೆದ ಸಲದ ಜುಲೈ. ಕರಾವಳಿಯಿಂದ ವಾಪಸ್ ಬರುತ್ತಿದ್ದೆವು. ಬೆಳಗ್ಗೆಯಿಂದ ಬಿಡದ ಮಳೆ. ಹೆದ್ದಾರಿ ಪಕ್ಕ ಒಂದು ಬಂಕ್, ರಸ್ತೆಗಿಂತ ತಗ್ಗಿನಲ್ಲಿತ್ತು, ಅಂಗಳದಲ್ಲಿ ಚಪ್ಪಲಿ ಮುಳುಗುವಷ್ಟು ನೀರು. ಟ್ಯಾಂಕರ್‌ನಿಂದ ಪೆಟ್ರೋಲ್ ಇಳಿಸುವ ಕಬ್ಬಿಣದ ಮುಚ್ಚಳಗಳೂ ಆ ನೀರಿನಲ್ಲೇ ಇದ್ದವು. ನೋಡಿದೆ, ತಲೆಗೆ ಹೋಗಲಿಲ್ಲ. ಫುಲ್ ಟ್ಯಾಂಕ್ ಅಂದೆ.

ಹತ್ತು ಹನ್ನೆರಡು ಕಿಲೋಮೀಟರ್ ಆದ ಮೇಲೆ ಇಂಜಿನ್ ಆನ್ ಆಗುವಾಗ ಒಂದು ಕುಲುಕು. ಮತ್ತೆ ಆಫ್ ಆಗಿ ಕಾರು ಬ್ಯಾಟರಿಯಲ್ಲಿ ಸದ್ದಿಲ್ಲದೆ ಓಡಿತು, ನಾನು ಸರಿಹೋಯಿತು ಅಂದುಕೊಂಡೆ. ಹೈಬ್ರಿಡ್‌ನಲ್ಲಿ ಮೋಸ ಹೋಗುವುದೇ ಇಲ್ಲಿ. ಮಾಮೂಲಿ ಕಾರಾಗಿದ್ದರೆ ಅಲ್ಲೇ ನಿಂತು ವಿಷಯ ಹೇಳಿಬಿಡುತ್ತಿತ್ತು. ಇದು ಮೂರು ಸಲ ಕುಲುಕಿ, ಹಳದಿ ದೀಪ ಹಚ್ಚಿ, ಬ್ಯಾಟರಿ ಎರಡು ಗೀಟಿಗೆ ಇಳಿಯುವ ತನಕ ನನ್ನನ್ನು ಎಳೆದುಕೊಂಡು ಹೋಯಿತು. ಘಟ್ಟದ ಬುಡದಲ್ಲಿ ಬದಿಗೆ ಹಾಕಿದೆ. ಟೋ ಗಾಡಿ ಬರಲು ಮೂರು ಗಂಟೆ.

ಮಾರನೇ ದಿನ ಗ್ಯಾರೇಜಿನವನು ಟ್ಯಾಂಕಿನಿಂದ ಸ್ವಲ್ಪ ತೆಗೆದು ಖಾಲಿ ನೀರಿನ ಬಾಟಲಿಗೆ ಹಾಕಿ ಕಿಟಕಿಯಲ್ಲಿ ಇಟ್ಟ. ಹತ್ತು ನಿಮಿಷ ಬಿಟ್ಟು ಕರೆದು ತೋರಿಸಿದ. ಮೇಲೆ ತಿಳಿ ಕಿತ್ತಳೆ ಬಣ್ಣದ ಪೆಟ್ರೋಲ್. ಅಡಿಯಲ್ಲಿ ಎರಡು ಬೆರಳಷ್ಟು ಅಕ್ಕಿ ತೊಳೆದ ನೀರಿನಂಥ ಪದರ. ಬರೀ ನೀರಲ್ಲ ಅದು. ಎಥನಾಲಿಗೆ ನೀರು ಕಂಡರೆ ಪ್ರೀತಿ. ಸ್ವಲ್ಪ ನೀರಿದ್ದರೆ ತನ್ನೊಳಗೆ ಇಟ್ಟುಕೊಂಡು ಸುಮ್ನೆ ಉರಿಸಿಬಿಡುತ್ತದೆ, ಅದು ಒಳ್ಳೆಯದೇ. ಮಿತಿ ಮೀರಿದರೆ ಪೆಟ್ರೋಲಿನ ಕೈಬಿಟ್ಟು ನೀರಿನ ಜೊತೆ ತಳಕ್ಕೆ ಹೋಗುತ್ತದೆ. ಫ್ಯೂಯೆಲ್ ಪಂಪ್ ಎಳೆಯುವುದು ತಳದಿಂದಲೇ. ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್ ಬದಲಿಸಿ, ಫುಲ್ ಟ್ಯಾಂಕ್ ಪೆಟ್ರೋಲ್ ಚೆಲ್ಲಿ ಕೈಗೆ ಬಂದ ಬಿಲ್ಲಿನಲ್ಲಿ ನಾಲ್ಕು ತಿಂಗಳ 'ಪವರ್' ಪೆಟ್ರೋಲಿನ ಹೆಚ್ಚುವರಿ ಖರ್ಚು ಚಿಲ್ಲರೆ ಅನಿಸಿತು. ಬಂಕ್ ಬಿಲ್ ನಾನು ಇಟ್ಟುಕೊಂಡಿರಲಿಲ್ಲ, ಹಾಗಾಗಿ ಕೇಳಲು ಬಾಯಿಯೂ ಇರಲಿಲ್ಲ.

ಆವತ್ತಿನಿಂದ ನಾನು ಮಾಡುವುದು ಇದು. ಗಾಡಿಗಳು ಸದಾ ಇರುವ ಬಂಕ್ ಒಂದೆರಡು ಗೊತ್ತು ಮಾಡಿಕೊಂಡಿದ್ದೇನೆ, ಅಲ್ಲಿ ಪೆಟ್ರೋಲ್ ಹಳತಾಗುವುದಿಲ್ಲ. ಟ್ಯಾಂಕರ್ ಇಳಿಸುತ್ತಿದ್ದರೆ ಹಾಗೇ ಮುಂದೆ ಹೋಗುತ್ತೇನೆ, ತಳದ ಕೊಳೆ ಆಗ ಕದಡಿರುತ್ತದೆ. ಜೋರು ಮಳೆಯ ಮಾರನೇ ದಿನ ತಗ್ಗಿನಲ್ಲಿರುವ ಬಂಕ್ ಬೇಡವೇ ಬೇಡ. ಬಿಲ್ ಯಾವಾಗಲೂ ತೆಗೆದುಕೊಂಡು ಫೋಟೋ ಹೊಡೆದಿಡುತ್ತೇನೆ. ಅನುಮಾನ ಬಂದರೆ ಕೇಳುವ ಹಕ್ಕು ನಮಗೆ ಇದೆ. ಬಂಕ್‌ನಲ್ಲಿ ಆ ದಿನದ ಡೆನ್ಸಿಟಿ (ಸಾಂದ್ರತೆ, ಘನ ಮೀಟರಿಗೆ ಎಷ್ಟು ಕೆಜಿ ಅಂತ) ಬರೆದಿರಬೇಕು. ಪೆಟ್ರೋಲಿಗೆ 15 ಡಿಗ್ರಿಯಲ್ಲಿ ಅದು 720ರಿಂದ 775ರ ಒಳಗೆ ಇರಬೇಕು, ಬರೆದಿದ್ದಕ್ಕೂ ನಿಮ್ಮೆದುರು ಅಳೆದು ಲೆಕ್ಕ ಹಾಕಿದ್ದಕ್ಕೂ 3ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಫಿಲ್ಟರ್ ಪೇಪರ್ ಕೇಳಿ, ನಾಝಲ್ ತುದಿಯಿಂದ ಒಂದು ಹನಿ ಬಿಡಿ. ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಿದರೆ ಕಲಬೆರಕೆ ಇಲ್ಲ. ನೀರು ಇದೆಯಾ ನೋಡಲು ಟ್ಯಾಂಕಿಗೆ ಬಿಡುವ ಅಳತೆ ಕೋಲಿಗೆ ಪೇಸ್ಟ್ ಹಚ್ಚಿ ತೋರಿಸಲು ಹೇಳಿ, ನೀರು ತಾಗಿದ ಕಡೆ ಬಣ್ಣ ಬದಲಾಗುತ್ತದೆ. ಮುಖ ಸಿಂಡರಿಸಿಕೊಂಡರೆ ಅದೇ ಉತ್ತರ, ಬೇರೆ ಬಂಕ್‌ಗೆ ಹೋಗಿ.

ಪೆಟ್ರೋಲ್ ಹಾಕಿಸಿದ ಸ್ವಲ್ಪ ಹೊತ್ತಿಗೆ ಕುಲುಕಿದರೆ ನನ್ನ ಹಾಗೆ ಎಳೆಯಬೇಡಿ, ತಕ್ಷಣ ನಿಲ್ಲಿಸಿ. ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ದೊಡ್ಡ ಬ್ಯಾಟರಿ ಪೂರ್ತಿ ಖಾಲಿಯಾದರೆ ಪಕ್ಕದ ಕಾರಿನಿಂದ ವೈರ್ ಹಾಕಿ ಎಬ್ಬಿಸಲು ಆಗುವುದಿಲ್ಲ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ಅಮೆರಿಕದ ಬಂಕ್‌ನಲ್ಲಿ ಕಾಣುವ 87 ಬೇರೆ ಅಳತೆ, ಅದು ನಮ್ಮ 91-92ಕ್ಕೆ ಸಮ. ನ್ಯೂಜೆರ್ಸಿಯಲ್ಲಿ ಪ್ರಿಯಸ್ ಓಡಿಸುವ ನನ್ನ ಭಾವಮೈದ ಊರಿನ 91 ನೆನಪಿಟ್ಟುಕೊಂಡು ಒಂದು ವರ್ಷ ಪ್ರೀಮಿಯಂ ಹಾಕಿಸಿದ್ದಾನೆ. ಅಲ್ಲಿನ ಇ85 ಫ್ಲೆಕ್ಸ್ ಗಾಡಿಗೆ ಮಾತ್ರ. ದುಬೈನಲ್ಲಿ 91, 95, 98 ಅಂತ ಇರುವುದು ನಮ್ಮದೇ ರಾನ್ ಅಳತೆ. ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾದಾ 95 ಅಂದರೆ ಇ10.

ಕೊನೆಗೆ, ಕಮ್ಮಿ ಓಡಿಸುವವರು. ತಿಂಗಳಿಗೆ 400 ಕಿಲೋಮೀಟರ್ ಓಡಿಸಿದರೆ ಹೈರೈಡರ್‌ನ 45 ಲೀಟರ್ ಟ್ಯಾಂಕ್ ಎರಡು ತಿಂಗಳಿಗೂ ಮುಗಿಯುವುದಿಲ್ಲ. ಎಥನಾಲ್ ಬೆರೆತ ಪೆಟ್ರೋಲನ್ನು ಎರಡು ಮೂರು ತಿಂಗಳೊಳಗೆ ಖಾಲಿ ಮಾಡುವುದು ಒಳ್ಳೆಯದು. ಹಾಗಾಗಿ ಫುಲ್ ಬದಲು ಅರ್ಧ ಟ್ಯಾಂಕ್ ಹಾಕಿಸುತ್ತಾ ಇರಿ. ಮಕ್ಕಳನ್ನು ನೋಡಲು ಆರು ತಿಂಗಳು ಹೋಗುವವರು ಕೀ ಯಾರಿಗಾದರೂ ಕೊಟ್ಟುಹೋಗಿ. ಬ್ಯಾಟರಿ ಇಳಿದುಹೋಗದಿರಲು ವಾರಕ್ಕೊಮ್ಮೆ ಬಯಲಲ್ಲಿ ನಿಲ್ಲಿಸಿ, ಕಾರು ಆನ್ ಆಗಿ ಓಡಲು ಸಿದ್ಧ ಇರುವ ರೆಡಿ ಮೋಡ್‌ನಲ್ಲಿ ಅರ್ಧ ಮುಕ್ಕಾಲು ಗಂಟೆ ಇಡಲಿ, ಆಗಾಗ ಒಂದು ಸುತ್ತು ಓಡಿಸಲಿ. ನಮ್ಮ ಎದುರುಮನೆಯವರು ಕೀ ನನಗೆ ಕೊಟ್ಟು ಹೋಗಿದ್ದಾರೆ, ಭಾನುವಾರ ತರಕಾರಿಗೆ ಅವರ ಕಾರಿನಲ್ಲೇ ಹೋಗುತ್ತೇನೆ.